ಅದು ಪಂಜರದ ಮೀನಲ್ಲ

ಆ ದಿನ ನನ್ನ ಹೋಟೆಲಿನಲ್ಲಿ ಉಂಡವರು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದು ಶಶಿಕಲಾಳ ಮೀನಿನಿಂದಲ್ಲ. ನಾನು ಲಾರಿಯಿಂದ ಕೊಂಡು ಇಟ್ಟಿದ್ದ ಹಳೆಯ ಮೀನಿನಿಂದ. ಅದು ನನಗೆ ಗೊತ್ತಿತ್ತು—ಆಮೇಲೆ ಗೊತ್ತಾದದ್ದಲ್ಲ, ಆಗಲೇ.

ಹೊಸಂಗಡಿ ಪೇಟೆಯಲ್ಲಿ ನನ್ನದೊಂದು ಸಣ್ಣ ಊಟದ ಹೋಟೆಲ್. ಗಂಡ ತೀರಿಕೊಂಡ ಮೇಲೆ ನಾನೇ ನಡೆಸಿಕೊಂಡು ಬಂದದ್ದು. ಶಶಿಕಲಾ ಕುಂಜತ್ತೂರಿನವಳು, ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ಅವಳೂ ಅವಳ ಗಂಡ ಲೋಕೇಶಣ್ಣನೂ ತರಬೇತಿ ಪಡೆದು ಬಂದು, ದಡದಿಂದ ದೂರ, ಆಳದ ನೀರಿನಲ್ಲಿ ಮೀನಿನ ಪಂಜರ ಇಳಿಸಿದರು—ದೊಡ್ಡ ಬಳೆಯ ಹಾಗೆ ತೇಲುವ ಪೈಪು, ಅದರಿಂದ ಕೆಳಕ್ಕೆ ಇಳಿಬಿಟ್ಟ ಬಲೆ, ಬಲೆಯೊಳಗೆ ಕಾಳಾಂಜಿ ಮೀನಿನ ಮರಿಗಳು. ಬೆಳಗಾದರೆ ಗಂಡ ಹೆಂಡತಿ ದೋಣಿಯಲ್ಲಿ ಹೋಗಿ ತೀನಿ ಹಾಕಿ ಬರುವರು. ತಿಂದು ಮುಗಿಸುವಷ್ಟೇ ಹಾಕಬೇಕು, ಉಳಿದದ್ದು ಅಡಿಯಲ್ಲಿ ಕೊಳೆತರೆ ಕಡಲೇ ಹಾಳು ಎನ್ನುತ್ತಿದ್ದಳು. ಇನ್ನಷ್ಟು ಮರಿ ಬಿಡಬಾರದೇ ಎಂದು ನಾನು ಕೇಳಿದರೆ, "ಅವಕ್ಕೂ ತಿರುಗ್ಲಿಕ್ಕೆ ಜಾಗ ಬೇಡ್ವಾ ಮಾರಾಯ್ತಿ?" ಎಂದು ನಗುವಳು. ಎಲ್ಲಿಂದಲೋ ಲಾರಿಯಲ್ಲಿ ಬರುವುದನ್ನು ಬಿಟ್ಟು ನಮ್ಮವರು ನಮ್ಮ ಕಡಲಿನದ್ದೇ ತಿನ್ನಬೇಕು—ಅದು ಅವಳ ಹಟ. ನಾನು ಅವಳ ಮೊದಲ ಗಿರಾಕಿ.

ಬೇಸಿಗೆಯ ಕೊನೆ. ನಿವೃತ್ತರಾಗುತ್ತಿದ್ದ ಟೀಚರೊಬ್ಬರ ಬೀಳ್ಕೊಡುಗೆಯ ಊಟ ನನ್ನಲ್ಲಿ. ಬೆಳಿಗ್ಗೆ ಲೋಕೇಶಣ್ಣ ಒಂದು ಪೆಟ್ಟಿಗೆ ಮೀನು ತಂದಿಟ್ಟು ಹೋದರು. ನಾನೇ ಮುಚ್ಚಳ ತೆಗೆದೆ. ಪುಡಿ ಐಸಿನಲ್ಲಿ ಹುಗಿದಿಟ್ಟ ಮೀನು; ಕಣ್ಣು ಇನ್ನೂ ಹೊಳೆಯುತ್ತಿತ್ತು. ಆದರೆ ಅದು ಸಾರಿಗೇ ಸರಿಹೋಯಿತು. ಎಣ್ಣೆಯಲ್ಲಿ ಕಾಯಿಸುವುದಕ್ಕೆ ಲಾರಿಯ ಹಳೆಯ ತುಂಡುಗಳನ್ನು ಹೊರತೆಗೆದೆ. ಮೂಸಿದೆ. ಎಸೆಯಬೇಕಿತ್ತು—ಎಸೆಯಲಿಲ್ಲ. ಹುಣಸೆಹುಳಿ ಹಾಕಿ ತೊಳೆದೆ, ಮಸಾಲೆಯನ್ನು ದಪ್ಪಗೆ ಮೆತ್ತಿದೆ.

ಸಂಜೆಯ ಹೊತ್ತಿಗೆ ಸುದ್ದಿ ಬಂತು. ಉಳಿದ ತುಂಡುಗಳನ್ನು ಹಿತ್ತಿಲಲ್ಲಿ ಹೂತು ಕೈ ತೊಳೆಯುತ್ತಿದ್ದಾಗ ಹೆಲ್ತ್ ಇನ್ಸ್‌ಪೆಕ್ಟರ್ ಬಂದು ನಿಂತರು.

"ಮೀನು ಎಲ್ಲಿದು?"

"ಪಂಜರದ್ದು ಸಾರ್. ಕುಂಜತ್ತೂರಿನದ್ದು."

ಅಷ್ಟೇ. ಹೋಟೆಲಿಗೆ ಬೀಗ ಬೀಳುವ ಭಯ ನನ್ನಿಂದ ಹೇಳಿಸಿತು ಎನ್ನಬಹುದು. ಎನ್ನುವುದಿಲ್ಲ. ಹೇಳಿದವಳು ನಾನು.

ಆಸ್ಪತ್ರೆ ಸೇರಿದವರೆಲ್ಲ ಗುಣವಾಗಿ ಮನೆಗೆ ಹೋದರು. ಮಾತು ಮಾತ್ರ ನಿಲ್ಲಲಿಲ್ಲ. ಪಂಜರದ ಮೀನಿಗೆ ಮದ್ದು ಚುಚ್ಚುತ್ತಾರಂತೆ, ಕೋಳಿಯ ಕರುಳು ತಿನ್ನಿಸುತ್ತಾರಂತೆ—ನಾನು ಹೇಳದ್ದೆಲ್ಲ ಸೇರಿಕೊಂಡು ನನ್ನ ಹೋಟೆಲಿಗೇ ವಾಪಸು ಬರುತ್ತಿತ್ತು. "ನೀವೇ ಅನುಭವಿಸಿದ್ರಲ್ಲಾ ವಾರಿಜಕ್ಕ" ಎನ್ನುವರು. ನಾನು ತಲೆಯಾಡಿಸುವೆ.

ಕೆಲವು ದಿನ ಬಿಟ್ಟು ಶಶಿಕಲಾ ಗಂಡನ ಜೊತೆ ಬಂದಳು. ಜಗಳಕ್ಕೆ ಎಂದುಕೊಂಡೆ. ಜಗಳವಾಡಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆನೋ ಏನೋ—

"ನಮ್ಮಿಂದ ನಿನ್ನ ಹೆಸರು ಹಾಳಾಯ್ತು ವಾರಿಜ. ಬೇಜಾರು ಮಾಡ್ಬೇಡ. ಇವರು ಐಸ್ ಸರಿ ಹಾಕಿರ್ಲಿಕ್ಕಿಲ್ಲ."

"ನಾನು ಹಾಕಿದ್ದೆ," ಎಂದರು ಲೋಕೇಶಣ್ಣ. "ಮುಚ್ಚಳ ತೆಗೆದದ್ದು ನೀವಲ್ವಾ ಅಕ್ಕ? ನೋಡಿದ್ದೀರಲ್ಲಾ? ಇವಳಿಗೊಂದು ಹೇಳಿ."

ಹೂಂ ಎಂದರೆ ಸಾಕಿತ್ತು. ಆದರೆ ಐಸ್ ಇತ್ತು ಎಂದರೆ ಮೀನು ತಾಜಾ ಇತ್ತು ಎಂದಾಗುತ್ತದೆ. ತಾಜಾ ಇತ್ತು ಎಂದರೆ ಮತ್ತೆ—

"ಗಡಿಬಿಡಿಯಲ್ಲಿದ್ದೆ. ಗಮನಿಸ್ಲಿಲ್ಲ," ಎಂದೆ.

ಅವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಹೊರಗೆ ಹೋಗಿ ನಿಂತರು. ಇನ್ಸ್‌ಪೆಕ್ಟರಿಗೆ ಹೇಳಿದ್ದು ಹೆದರಿ ಹೇಳಿದ ಸುಳ್ಳು. ಇದು ಯೋಚನೆ ಮಾಡಿ ಹೇಳಿದ್ದು.

ಕೊಳ್ಳುವವರಿಲ್ಲದೆ, ಮಳೆಗಾಲಕ್ಕೆ ಮೊದಲು ಮೀನನ್ನೆಲ್ಲ ಹಿಡಿದು ದೂರದ ವ್ಯಾಪಾರಿಗೆ ಸಿಕ್ಕಿದ ಬೆಲೆಗೆ ಕೊಟ್ಟುಬಿಟ್ಟರು. ಪಂಜರ ಮತ್ತೆ ನೀರಿಗಿಳಿಯಲಿಲ್ಲ. ಲೋಕೇಶಣ್ಣ ಮಂಗಳೂರಿನ ಬಂದರಿನಲ್ಲಿ ಯಾರದೋ ಬೋಟಿಗೆ ಹೋಗತೊಡಗಿದರು. ಮನೆಗೆ ಬಂದರೂ ಗಂಡ ಹೆಂಡತಿಯ ನಡುವೆ ಬೇಕಾದಷ್ಟೇ ಮಾತು. ಶಶಿಕಲಾ ಮಾತ್ರ ನನ್ನಲ್ಲಿಗೆ ಬರುವುದನ್ನು ಬಿಡಲಿಲ್ಲ. ಕೆಲಸದವರು ಬಾರದ ದಿನ ತಾನಾಗಿಯೇ ಬಂದು ತೆಂಗಿನಕಾಯಿ ತುರಿಯಲು ಕೂರುವಳು—ನನಗೆ ಮಾಡಿದ ತೊಂದರೆಗೆ ಇಷ್ಟಾದರೂ ಮಾಡಬೇಡವೇ ಎಂದು. ನನ್ನದೇ ಅಡುಗೆಮನೆ, ಬಾಗಿಲು ತೆರೆದೇ ಇರುತ್ತಿತ್ತು. ನಾನು ಎಲ್ಲಿಗೆ ಹೋಗಲಿ? ಅವಳ ಬೆನ್ನು ನೋಡುತ್ತ ಒಲೆಯ ಮುಂದೆ ನಿಲ್ಲುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದುಕೊಳ್ಳುವೆ; ಅಷ್ಟರಲ್ಲಿ ಅವಳು "ಉಪ್ಪು ಎಲ್ಲುಂಟು?" ಎಂದು ಕೇಳುವಳು, ಉಪ್ಪು ಕೊಡುವೆ. ಹೀಗೆಯೇ ವರ್ಷಗಳು ಕಳೆದವು.

ಈಚೆಗೆ ಊರಿನ ಕೆಲವರು ಪಂಜರ ಇಳಿಸಲು ಹೊರಟು, ಕಲಿಸಿಕೊಡು ಎಂದು ಅವಳನ್ನು ಕರೆದರು. ಅವಳು ಒಪ್ಪಲಿಲ್ಲ. ಈರುಳ್ಳಿ ಸುಲಿಯುತ್ತ ನನ್ನೊಡನೆ ಹೇಳಿದಳು—"ನಮ್ಮ ಕೈಯ ಮೀನು ತಿಂದು ಜನ ಆಸ್ಪತ್ರೆಗೆ ಹೋದದ್ದು. ನಾನೆಂತ ಕಲಿಸ್ಲಿ?"

ಆಗಲೂ ಬಾಯಿ ಬರಲಿಲ್ಲ. ಲೋಕೇಶಣ್ಣ ಮನೆಗೆ ಬಂದಿದ್ದಾರೆಂದು ತಿಳಿದ ದಿನ ಕುಂಜತ್ತೂರಿಗೆ ಹೋಗಿ ಇಬ್ಬರ ಎದುರೂ ಎಲ್ಲವನ್ನೂ ಹೇಳಿದೆ. ಶಶಿಕಲಾ ನಡುವೆಯೇ ಎದ್ದು ಒಳಗೆ ಹೋದಳು. ಆಮೇಲೆ ನನ್ನ ಅಡುಗೆಮನೆಗೆ ಬಂದಿಲ್ಲ. ಬರಬೇಕೆಂದು ಕೇಳುವ ಬಾಯಿಯೂ ನನಗಿಲ್ಲ. ಲೋಕೇಶಣ್ಣ ಒಂದೇ ಮಾತು ಕೇಳಿದರು.

"ನಮ್ಗೆ ಹೇಳಿದ್ರಿ. ಪೇಟೆಗೆ ಯಾರು ಹೇಳೋದು?"

ಅದಕ್ಕೇ ಇದನ್ನು ನನ್ನ ಹೆಸರು ಹಾಕಿಯೇ ಬರೆಯುತ್ತಿದ್ದೇನೆ. ಪೇಟೆಯಲ್ಲಿ ಬಿಟ್ಟ ಸುಳ್ಳು ಅವರ ಜಗಲಿಯಲ್ಲಿ ಕೂತು ಅತ್ತರೆ ತೀರುವುದಿಲ್ಲ. ಇವತ್ತು ಮಧ್ಯಾಹ್ನ ಊಟಕ್ಕೆ ಬಂದವರಿಗೆ, ಬಡಿಸುವ ಮೊದಲೇ, ನಿಂತು ಹೇಳಿದೆ. ಇಬ್ಬರು ಎಲೆಯ ಮುಂದಿನಿಂದ ಎದ್ದು ಹೋದರು. ತಡೆಯಲಿಲ್ಲ. ಉಳಿದವರು ಉಂಡು ಹೋದರು. ನಾಳೆ ಬರುವವರಿಗೂ ಹೇಳುತ್ತೇನೆ—ಯಾರಾದರೂ ಬಂದರೆ.