ಗುಡ್ಡದ ಬೂದಿ ಬೆರೆತ ಕಾಫಿ

ನಾನು ಗಂಡನ್ನು ನೋಡಿ ಮದುವೆಗೆ ಒಪ್ಪಿದವಳಲ್ಲ, ನೀರನ್ನು ನೋಡಿ ಒಪ್ಪಿದವಳು. ಎಪ್ಪತ್ತರ ದಶಕದ ಕೊನೆಯ ಮಾತು. ಕಡೂರಿಗೆ ಹತ್ತಿರದ ನಮ್ಮೂರಿನ ಪಕ್ಕದಲ್ಲೇ ವೇದಾವತಿ ಹೊಳೆ ಇತ್ತು. ಆದರೆ ಶಿವರಾತ್ರಿ ಕಳೆದರೆ ಅದರಲ್ಲಿ ಬರೀ ಮರಳು. ಆ ಮರಳಲ್ಲಿ ಗುಂಡಿ ತೋಡಿ, ಜಿನುಗುವ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಬೇಕು. ಒರತೆ ಎನ್ನುತ್ತಿದ್ದೆವು. ಮೊದಲು ಬರುವ ಕದಡಿದ ನೀರನ್ನು ಎತ್ತಿ ಚೆಲ್ಲಿ, ತಿಳಿಯಾಗುವ ತನಕ ಕೂತು ಕಾಯಬೇಕು. ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ.

ಹೀಗಿರುವಾಗ ಬೀರೂರಿನ ಸೋದರಮಾವ, ಸಖರಾಯಪಟ್ಟಣದಾಚೆ ಗುಡ್ಡದ ಬುಡದ ಹಳ್ಳಿಯೊಂದರಿಂದ ಸಂಬಂಧ ತಂದ. "ಹುಡುಗ ಮಾತು ಕಮ್ಮಿ. ಆದ್ರೆ ಮನೆ ಹಿಂದೇನೇ ಹಳ್ಳ ಕಣೇ, ಬೇಸಿಗೇಲೂ ಹರೀತದೆ" ಎಂದ. ಹುಡುಗನ ವಿಚಾರ ಕೇಳುವುದನ್ನು ನಾನು ಅಲ್ಲಿಗೇ ಬಿಟ್ಟೆ.

ಆ ದಿನಗಳಲ್ಲಿ ದೂರದ ಗುಡ್ಡದ ಮೇಲೆ ಬೆಂಕಿ ಕಾಣುತ್ತಿತ್ತು. ಬೇಸಿಗೆಯಲ್ಲಿ ಅದು ಇದ್ದದ್ದೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಂಡಿನವರು ಬರುವ ಹಿಂದಿನ ಸಂಜೆ ಗುಡ್ಡದ ಕಡೆ ಒಂದು ಮಳೆಯಾಯಿತು. ನಮ್ಮೂರಿಗೆ ಹನಿಯೂ ಇಲ್ಲ. ಬೆಳಗ್ಗೆ ನೋಡಿದರೆ ಹೊಳೆ ಬಂದಿದೆ! ಒಂದೇ ಮಳೆಗೆ ಹಾಗೆ ಬಂದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಕಾಡಿಗೆಯಂಥ ನೀರು, ಮೇಲೆ ತೇಲುವ ಇದ್ದಿಲ ಚೂರು, ಅರೆಸುಟ್ಟ ಕಡ್ಡಿ. ನಮ್ಮ ಒರತೆಗಳೆಲ್ಲ ಕರಿ ಕೆಸರಲ್ಲಿ ಮುಚ್ಚಿಹೋಗಿದ್ದವು.

ಹೊಸ ನೀರು ಬಂದರೆ ಹೊಳೆಗೆ ಅರಿಶಿನ ಕುಂಕುಮ ಹಾಕಿ, ಒಂದು ಬಿಂದಿಗೆ ತಂದು ಆ ದಿನದ ಅಡುಗೆಗೆ ಅದನ್ನೇ ಬಳಸುವುದು ನಮ್ಮ ಮನೆಯ ಪದ್ಧತಿ. "ಹೆಣ್ಣು ನೋಡೋಕೆ ಬರೋ ದಿನಾನೇ ಹೊಸ ನೀರು ಬಂದೈತೆ. ಇದಕ್ಕಿಂತ ಶುಭ ಬೇಕೇನೇ?" ಎಂದು ಅವ್ವ ಹಿಗ್ಗಿದಳು. ಮಡಚಿದ ಪಂಚೆಯಲ್ಲಿ ಮತ್ತೆ ಮತ್ತೆ ಸೋಸಿ ಕಾಫಿಗೆ ಇಟ್ಟಳು.

ಹುಡುಗನ ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಹುಡುಗ, ಪಾಪ, ಕಣ್ಣು ಮುಚ್ಚಿ ನುಂಗಿದ. ಸೋದರಮಾವ ಸೂರು ನೋಡತೊಡಗಿದ. ಹುಡುಗನ ತಾಯಿ ಮಾತ್ರ ಲೋಟವನ್ನು ಮೂಸಿ ನೋಡಿ ನಕ್ಕುಬಿಟ್ಟರು.

"ಇದು ನಮ್ಮ ಗುಡ್ಡದ ಬೂದಿ ಕಣಮ್ಮ, ನಮ್ಮ ಹಳ್ಳ ನಿಮ್ಮ ಹೊಳೆಗೇ ಬಂದು ಸೇರೋದು. ದನಕ್ಕೆ ಹೊಸ ಹುಲ್ಲು ಚಿಗುರ್ಲಿ ಅಂತ ವರ್ಷ ವರ್ಷ ಬೆಂಕಿ ಇಡ್ತೀವಿ. ಈ ಸಲ ಕೈಮೀರಿ, ಹಳ್ಳದ ತಲೇಲಿದ್ದ ಕಾಡಿಗೂ ಹತ್ಕೊಂಡ್ಬಿಡ್ತು."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬೆಂಕಿ ಇಡೋರು ನೀವು, ಬೂದಿ ಕುಡಿಯೋರು ನಾವಾ?" ಎಂದುಬಿಟ್ಟೆ.

ಅವ್ವ ಬೆನ್ನ ಹಿಂದಿನಿಂದ ಚಿವುಟಿದಳು. ಹಳ್ಳ ಕೈತಪ್ಪಿತು ಎಂದುಕೊಂಡೆ. ಹುಡುಗನ ತಾಯಿ ನನ್ನನ್ನೇ ನೋಡಿದರು. ಆಮೇಲೆ ಲೋಟ ಎತ್ತಿ ಗಟಗಟನೆ ಕುಡಿದು ಮುಗಿಸಿ, "ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ. ಹುಡುಗಿ ನ್ಯಾಯವಾಗೇ ಮಾತಾಡ್ತಾಳೆ, ನಮ್ಮನೇಗೆ ಬರ್ಲಿ" ಎಂದರು. ಸಂಜೆಯ ಹೊತ್ತಿಗೆ ತಾಂಬೂಲ ಬದಲಾಯಿಸಿದ್ದೂ ಆಯಿತು, ಹೊಳೆ ಬಂದಷ್ಟೇ ಬೇಗ ಬತ್ತಿದ್ದೂ ಆಯಿತು.

ವೈಶಾಖದಲ್ಲಿ ಮದುವೆ. ಮಳೆಗಾಲದಲ್ಲಿ ಹಳ್ಳ ಕೆಂಪು ಮಣ್ಣು ಹೊತ್ತುಕೊಂಡು ಹಿತ್ತಲಿಗೇ ನುಗ್ಗಿತು. ಚಳಿಗಾಲಕ್ಕೆ ತಿಳಿಯಾಯಿತು. ಕಾಲು ಇಳಿಬಿಟ್ಟು ಕೂತು, ಬಿಂದಿಗೆ ಮುಳುಗಿಸಿದರೆ ಸಾಕು, ತುಂಬುತ್ತಿತ್ತು. ಅಂಥ ಸುಖವನ್ನು ನಾನು ತವರಿನಲ್ಲಿ ಕಂಡಿರಲಿಲ್ಲ.

ಆದರೆ ಶಿವರಾತ್ರಿ ಬರುವಷ್ಟರಲ್ಲಿ ಹಳ್ಳ ಸಣ್ಣಗಾಗುತ್ತಾ ಒಂದು ಬೆಳಗ್ಗೆ ನಿಂತೇಹೋಯಿತು. ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತಿದ್ದ ಕಾಡೇ ಸುಟ್ಟಿತ್ತು. ಬಿದ್ದ ಮಳೆಯೆಲ್ಲ ಮಳೆಗಾಲದಲ್ಲೇ ಹರಿದುಹೋಗಿತ್ತು. ಅತ್ತೆ ಖಾಲಿ ಬಿಂದಿಗೆ ಹಿಡಿದು ಒಣ ಕಲ್ಲುಗಳ ನಡುವೆ ನಿಂತಿದ್ದರು. ತಾವು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರು ಹಳ್ಳ ಬತ್ತಿದ್ದನ್ನು ನೋಡಿರಲಿಲ್ಲ.

ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಸೆರಗು ಸಿಕ್ಕಿಸಿ, ಮರಳು ಕಂಡ ಕಡೆ ಕೂತು ತೋಡತೊಡಗಿದೆ. ನೀರು ಜಿನುಗಿತು. ಅತ್ತೆ ಹಿತ್ತಲಿನಿಂದ ತೆಂಗಿನ ಚಿಪ್ಪು ತಂದು ಆತುರದಿಂದ ಕೈ ಚಾಚಿದರು.

"ತಡೀರಿ ಅತ್ತೆ," ಎಂದೆ, "ಮೊದಲ ನೀರು ಚೆಲ್ಬೇಕು. ಆಮೇಲೆ ಕೂತು ಕಾಯ್ಬೇಕು."

ಇಬ್ಬರೂ ಕೂತೆವು.