ಯುನಾನಿಗೆ ಹೊರಟ ಬಿಲ್ಕೀಸ್

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳೆಂದರೆ ಸಾಕು, ಬಿಲ್ಕೀಸಳ ತುಟಿ ಅಲ್ಲಾಡಲು ಶುರು. ದನಿ ಇಲ್ಲ, ಬರೀ ತುಟಿ. ನೋಡಿದವರು ಪಾಪ, ಎಷ್ಟು ದೈವಭಕ್ತೆ ಎಂದುಕೊಳ್ಳುತ್ತಿದ್ದರು. ತಲೆಯ ಮೇಲೆ ಕಪ್ಪು ಓಡ್ನಿ, ಮಡಿಲಲ್ಲಿ ಚೀಲ, ಅರ್ಧ ಮುಚ್ಚಿದ ಕಣ್ಣು. ಜಪ ಮಾಡುತ್ತಿದ್ದಾಳೆಂದು ಕಂಡಕ್ಟರು ಕೂಡ ಅವಳ ಹತ್ತಿರ ಬಂದಾಗ ದನಿ ತಗ್ಗಿಸುತ್ತಿದ್ದ.

ಒಮ್ಮೆ ಅಫಜಲಪುರದಿಂದ ಜೇವರ್ಗಿಗೆ ಹೋಗುವಾಗ ಒಬ್ಬ ಮುದುಕಿ ನಮ್ಮ ಸೀಟಿನ ಹತ್ತಿರ ಬಂದು ನಿಂತಳು. ಘತ್ತರಗಿಗೆ ಭಾಗ್ಯವಂತಿಯ ದರ್ಶನಕ್ಕೆ ಹೊರಟವಳು. ಕಂಕುಳಲ್ಲಿ ಮೊಮ್ಮಗು, ಅತ್ತು ಅತ್ತು ಮುಖ ಕೆಂಪಾಗಿತ್ತು.

"ಯವ್ವಾ, ನೀ ಓದಾಕಿ ಕಾಣ್ತಿ. ಕೂಸು ನಿನ್ನಿಯಿಂದ ಒಂದೇ ಸವನೆ ಅಳಾಕತ್ತದ. ಒಂದೀಟು ಓದಿ ಊದ್ ನನ್ನವ್ವ" ಎಂದಳು.

ನಮ್ಮ ಕಡೆ ಇದೇನು ಹೊಸದಲ್ಲ. ಸಂಜೆ ನಮಾಜು ಮುಗಿಸಿ ಹೊರಬರುವವರ ಮುಂದೆ ಯಾವ ಜಾತಿಯ ತಾಯಿಯಾದರೂ ಕೂಸು ಹಿಡಿದು ನಿಲ್ಲುತ್ತಾಳೆ. ಅವರು ಓದಿ ನೆತ್ತಿಯ ಮೇಲೆ ಊದುತ್ತಾರೆ. ಆದರೆ ಬಿಲ್ಕೀಸ್ ಓದುತ್ತಿದ್ದದ್ದು ಏನೆಂದು ನನಗೆ ಗೊತ್ತಿತ್ತಲ್ಲ! ನಗು ತಡೆಯಲಾಗದೆ ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಅವಳು ನನ್ನನ್ನೊಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ಕೂಸಿನ ತಲೆಯ ಮೇಲೆ ಕೈಯಿಟ್ಟು, ತುಟಿ ಆಡಿಸಿ, ಮೆಲ್ಲಗೆ ಊದಿದಳು. ಬಸ್ಸಿನ ತೂಗಾಟಕ್ಕೋ ಏನೋ, ಘತ್ತರಗಿ ಬರುವಷ್ಟರಲ್ಲಿ ಕೂಸು ನಿದ್ದೆ ಹೋಗಿತ್ತು.

ಮುದುಕಿ ಇಳಿಯುವಾಗ, "ಭಾಗ್ಯವಂತಿ ನಿನಗ ನಿನ್ ಮನಸಿನ್ಯಾಗಿನ ನೌಕರಿ ಕೊಡ್ಲಿ ತಾಯಿ" ಎಂದು ಹರಸಿದಳು. ನೌಕರಿಯ ಮಾತು ಅವಳಿಗೆ ಹೇಗೆ ಹೊಳೆಯಿತೋ. ಹರೆಯದ ಹೆಣ್ಣುಮಗಳು ಚೀಲ ಹಿಡಿದು ಬಸ್ಸಿನಲ್ಲಿ ಕೂತಿದ್ದರೆ ನಮ್ಮವರು ಕೇಳುವುದು ಎರಡೇ, ಮದುವೆ ಮತ್ತು ನೌಕರಿ.

"ಏನ್ ಓದಿದಿ ಬೇ ಅದರ ಮ್ಯಾಲ?" ಎಂದು ಕೇಳಿದೆ.

"ಲೂಓ, ಲೂಏಯ್ಸ್, ಲೂಏಯ್. ನಾನು ಬಿಡಿಸುತ್ತೇನೆ, ನೀನು ಬಿಡಿಸುತ್ತೀ, ಅವನು ಬಿಡಿಸುತ್ತಾನೆ. ಹಳೇ ಗ್ರೀಕಿನ ಮೊದಲನೇ ಪಾಠ. ಕೂಸಿನ ಹೊಟ್ಟಿನೋವು ಬಿಡಸಾಕ ಇದಕ್ಕಿಂತ ಛಲೋದು ಎಲ್ಲದ ಹೇಳು?"

ಹೌದು, ಹಳೆಯ ಗ್ರೀಕ್. ಆಳಂದದ ಹಕೀಮರ ಮಗಳು ಬಿಲ್ಕೀಸ್ ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕ್ ಭಾಷೆಯನ್ನು ಓದಬಲ್ಲವಳಾಗಿದ್ದಳು, ಬರೆಯಬಲ್ಲವಳಾಗಿದ್ದಳು, ಅದರಲ್ಲಿ ಕನಸು ಕೂಡ ಕಾಣುತ್ತಿದ್ದಳೆಂದು ನನ್ನ ಗುಮಾನಿ. ಆದರೆ ಹೊಟ್ಟೆಪಾಡಿಗೆ ಅವಳು ನನ್ನ ಹಾಗೆಯೇ ಅತಿಥಿ ಉಪನ್ಯಾಸಕಿ. ನಾನು ಕನ್ನಡ, ಅವಳು ಇತಿಹಾಸ. ಒಂದು ಕಾಲೇಜಿನಲ್ಲಿ ಪೂರಾ ತಾಸುಗಳು ಸಿಗದ ಕಾರಣ ಆಳಂದ, ಅಫಜಲಪುರ, ಜೇವರ್ಗಿ ಎಂದು ಮೂರು ಊರು ಸುತ್ತುತ್ತಿದ್ದೆವು. ಅತಿಥಿ ಎನ್ನುತ್ತಾರೆ, ಕೂರಲು ಕುರ್ಚಿ ಕೊಡುವುದಿಲ್ಲ. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹವಳಗಾ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡರೆ ಮೊದಲ ತಾಸು ಹೋದಂತೆಯೇ. ನಮ್ಮ ಸ್ನೇಹ ಬೆಳೆದದ್ದು ಆ ಟ್ರ್ಯಾಕ್ಟರುಗಳ ಹಿಂದೆ.

ಅವಳಿಗೆ ಈ ಹುಚ್ಚು ಹಿಡಿಸಿದವರು ಅವಳ ಅಬ್ಬಾ. ಆಳಂದದ ಪೇಟೆಯಲ್ಲಿ ಅವರದೊಂದು ಯುನಾನಿ ದವಾಖಾನೆ. ಚಿಕ್ಕವಳಿದ್ದಾಗ ಬಿಲ್ಕೀಸ್ ಬೋರ್ಡು ನೋಡಿ, "ಯುನಾನ್ ಎಲ್ಲದ ಅಬ್ಬಾ?" ಎಂದು ಕೇಳಿದಳಂತೆ. ಸಮುದ್ರದ ಆಚೆಗಿನ ಗ್ರೀಕರ ನಾಡು, ನಮ್ಮ ವಿದ್ಯೆ ಹುಟ್ಟಿದ್ದು ಅಲ್ಲಿ, ಅವರ ಪುಸ್ತಕಗಳನ್ನು ಅವರ ಮಾತಿನಲ್ಲೇ ಓದುವವರು ನಮ್ಮ ಪೈಕಿ ಯಾರೂ ಉಳಿದಿಲ್ಲ ಎಂದರಂತೆ ಹಕೀಮರು. "ನಾ ಓದ್ತೇನಿ" ಎಂದಳಂತೆ ಮಗಳು. ಮಕ್ಕಳು ಇಂಥ ಮಾತು ಸಾವಿರ ಆಡುತ್ತವೆ. ಇವಳು ಮರೆಯಲಿಲ್ಲ, ಅದೇ ತಪ್ಪು. ಹೈದರಾಬಾದಿಗೆ ಎಂ.ಎ. ಓದಲು ಹೋದವಳು ಅಲ್ಲಿ ಪಾದ್ರಿಗಳಾಗುವ ಹುಡುಗರಿಗೆ ಗ್ರೀಕ್ ಕಲಿಸುತ್ತಿದ್ದ ಒಬ್ಬ ಮುದಿ ಪಾದ್ರಿಯನ್ನು ಹುಡುಕಿಕೊಂಡು ಹೋದಳು. ಬುರ್ಖಾ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕೂತವಳು ವರ್ಷದ ಕೊನೆಗೆ ಎಲ್ಲರಿಗಿಂತ ಮುಂದಿದ್ದಳು. ಆಮೇಲೆ ಡಾಕ್ಟರೇಟನ್ನೂ ಅದರಲ್ಲೇ ಮಾಡಿದಳು. ದಖನ್ನಿನ ಬಟ್ಟೆ ಹಡಗು ಹತ್ತಿ ಗ್ರೀಕರ ನಾಡಿಗೆ ಹೋದದ್ದರ ಬಗ್ಗೆ.

ಒಂದು ಚಟ ಅವಳಿಗೆ. ತಪ್ಪು ಕೇಳಿದರೆ ತಡೆಯಲಾರಳು. ಸತ್ತವರ ಮನೆಗೆ ಮಾತಾಡಿಸಲು ಹೋದಾಗ, ಅಳುತ್ತಿದ್ದ ಹಿರಿಯರು "ನಮ್ಮಪ್ಪ ನಿಜಾಮನ ಕಾಲದಾಗ ಸಾಲಿ ಕಟ್ಟಿಸಿದ್ದ" ಎಂದರೆ, "ಇಲ್ರಿ ಕಾಕಾ, ಅಷ್ಟೊತ್ತಿಗಿ ನಿಜಾಮ ಹೋಗಿದ್ದ" ಎಂದುಬಿಟ್ಟವಳು. ನಾನು ಅವಳನ್ನು ಎಳೆದುಕೊಂಡು ಹೊರಗೆ ಬರಬೇಕಾಯಿತು. ನನಗೂ ಬಸ್ಸಿನಲ್ಲಿ ಆ 'ಲೂಓ' ಪಾಠ ಹೇಳಿಕೊಟ್ಟಿದ್ದಳು. ಹೇಳುತ್ತಾ ಹೋಗುವಾಗ ಒಂದನ್ನು ಬಿಟ್ಟೆನೋ, ಅವಳ ಮೊಣಕೈ ನನ್ನ ಪಕ್ಕೆಗೆ ಬಂದೇ ಬರುತ್ತಿತ್ತು. ನಿದ್ದೆಗಣ್ಣಿನಲ್ಲಿದ್ದರೂ ಸೈ, ತಿವಿತ ತಪ್ಪುತ್ತಿರಲಿಲ್ಲ.

"ಸತ್ತ ಭಾಷಾ ಕಲ್ತು ಏನ್ ಮಾಡ್ತಿ ಬೇ?" ಎಂದು ರೇಗಿಸಿದರೆ, "ಸತ್ತವ್ರ ಜೋಡಿ ಮಾತಾಡೋದೇ ಆರಾಮ ಸುಜಾತಾ. ತಿರುಗಿ ಜಗಳ ಆಡಂಗಿಲ್ಲ" ಎನ್ನುತ್ತಿದ್ದಳು.

ನಮ್ಮಲ್ಲಿ ಗ್ರೀಕ್ ಕಲಿಸುವ ಜಾಗವೇ ಇಲ್ಲ. ಒಮ್ಮೆ ಪ್ರಿನ್ಸಿಪಾಲರನ್ನು ಕೇಳಿದ್ದಳು, ಪಗಾರ ಬೇಡ, ವಾರಕ್ಕೊಂದು ತಾಸು ಕೊಡಿ, ಬರುವವರು ಬರಲಿ ಎಂದು. "ಮೇಡಂ, ಇಲ್ಲಿ ಇಂಗ್ಲಿಷಿಗೇ ಹುಡುಗ್ರು ಕಿಡಕಿ ಜಿಗದು ಓಡಿಹೋಗಾಕತ್ತಾರ್ರಿ" ಎಂದಿದ್ದರು ಅವರು. ಹಾಗಾಗಿ ಅವಳ ಕಣ್ಣೆಲ್ಲ ಹೊರದೇಶದ ಮೇಲೆ. ಜಗತ್ತಿನ ಯಾವ ಮೂಲೆಯಲ್ಲಿ ಗ್ರೀಕಿನ ಅಧ್ಯಾಪಕರು ಬೇಕಾದರೂ ಆ ಸುದ್ದಿ ಟ್ರ್ಯಾಕ್ಟರಿನ ಹಿಂದೆ ನಿಂತ ನಮ್ಮ ಬಸ್ಸಿಗೆ ಬಂದು ಮುಟ್ಟುತ್ತಿತ್ತು. ಫೋನು ನನ್ನ ಮೂಗಿಗೆ ಹಿಡಿದು ಓದುತ್ತಿದ್ದಳು. ಅಲ್ಲೊಂದು ಜಾಗ, ಆದರೆ ಲ್ಯಾಟಿನ್ನೂ ಬೇಕು. ಇಲ್ಲೊಂದು, ಬರೀ ಒಂದೇ ವರ್ಷಕ್ಕೆ. ಮತ್ತೊಂದು ಕಡೆ ವಿಭಾಗದಲ್ಲಿ ಇರುವವರನ್ನೇ ತೆಗೆಯುತ್ತಿದ್ದಾರೆ.

ಒಂದು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೋಡ್ ಬೇ, ವಿಸಿಟಿಂಗ್ ಅಂತ ಬರದಾರ. ಅಂದ್ರ ಏನು? ಅತಿಥಿ! ಅಲ್ಲೀನೂ ಅತಿಥಿ ಉಪನ್ಯಾಸಕರೇ! ಸಮುದ್ರ ದಾಟಿದ್ರೂ ಹಣೆಬರಹ ದಾಟಂಗಿಲ್ಲ."

ನಕ್ಕಳು, ಆದರೆ ಅರ್ಜಿ ಹಾಕಿದಳು. ಎಲ್ಲದಕ್ಕೂ ಹಾಕುತ್ತಿದ್ದಳು.

ಹೋದ ವರ್ಷ ಬೇಸಿಗೆಯ ಹೊತ್ತಿಗೆ ಒಂದು ಕಡೆಯಿಂದ ಕರೆ ಬಂತು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ, ಕಾಯಂ ಜಾಗ. ಕಂಪ್ಯೂಟರಿನಲ್ಲೇ ಸಂದರ್ಶನ, ನಮ್ಮ ಸಂಜೆ ಹೊತ್ತಿಗೆ. ಅವಳ ಮನೆ ಪಕ್ಕ ದಾಲ್ ಮಿಲ್ಲಿನ ಸದ್ದು. ಹಾಗಾಗಿ ಅಫಜಲಪುರದ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕೂತಳು. ಕಾಲೇಜಿನ ಜವಾನ ಶರಣಪ್ಪ ಹೊರಗೆ ಕಾವಲು ನಿಂತ. ಅಷ್ಟರಲ್ಲಿ ಓಣಿಯಲ್ಲಿ ಒಂದು ಮದುವೆಯ ಡಿಜೆ ಬಂತು. ಶರಣಪ್ಪ ಓಡಿಹೋಗಿ ಮದುಮಗನ ಕಾರಿಗೆ ಅಡ್ಡ ನಿಂತು ಕೈಮುಗಿದ. "ಮದಿವಿ ನಾಳೀನೂ ಇರ್ತದ್ರಿ, ನಮ್ ಮೇಡಂಗ ಈ ಹೊತ್ತು ತಿರುಗಿ ಬರಂಗಿಲ್ಲ" ಎಂದ. ಡಿಜೆಯವರು ಬೈದರು, ಆದರೆ ಬಂದ್ ಮಾಡಿದರು. ಇಡೀ ಓಣಿ ಉಸಿರು ಹಿಡಿದು ನಿಂತಿತು.

ಬಿಲ್ಕೀಸ್ ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು. "ಅವರು ನಕ್ಕರು ಬೇ, ನಾನೂ ನಕ್ಕೆ. ನನ್ನ ಗ್ರೀಕ್ ಕೇಳಿ ಒಬ್ಬ ಮುದುಕ ಕಣ್ಣು ಒರೆಸಿಕೊಂಡ. ಇನ್ನ ಇಬ್ಬರೇ ಉಳಿದೀವಂತ, ನಾನು ಮತ್ತೊಬ್ಬಾಕಿ. ವಿಚಾರ ಮಾಡಿ ತಿಳಸ್ತಾರಂತ" ಎಂದಳು.

ಶರಣಪ್ಪ ಇದನ್ನೆಲ್ಲ ಕೇಳುತ್ತ ನಿಂತಿದ್ದ. ಹೆಣ್ಣು ನೋಡಲು ಬಂದವರು ನಕ್ಕು ಮಾತಾಡಿ, ಬಾಯಿ ಸಿಹಿ ಮಾಡಿಕೊಂಡು ಹೋದರೆ ಮದುವೆ ಆಯಿತೆಂದೇ ನಮ್ಮಲ್ಲಿ ಲೆಕ್ಕ. ತಿಳಿಸುತ್ತೇವೆ ಎನ್ನುವುದು ಬರೀ ಬಾಯಿಮಾತು. ಮರುದಿನ ಮುಂಜಾನೆ ನಾನು ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್! ಕಾಲೇಜಿನ ಗುರುತಿನ ಚೀಟಿಯ ಫೋಟೋದಲ್ಲಿ ಬಿಲ್ಕೀಸ್ ಬೆದರಿದಂತೆ ನೋಡುತ್ತಿದ್ದಾಳೆ. 'ಯುನಾನ್ ದೇಶದ ಪ್ರಾಧ್ಯಾಪಕರಾಗಿ ಆಯ್ಕೆಯಾದ ನಮ್ಮ ಹೆಮ್ಮೆಯ ಮೇಡಂ ಅವರಿಗೆ ಹಾರ್ದಿಕ ಅಭಿನಂದನೆಗಳು.' ಗ್ರೀಕ್ ಎಂದಮೇಲೆ ಯುನಾನೇ ಎಂದುಕೊಂಡು ಇಂಗ್ಲೆಂಡನ್ನು ಬಿಟ್ಟೇಬಿಟ್ಟಿದ್ದರು. ಕೆಳಗೆ ಸಾಲಾಗಿ ಶುಭಕೋರುವವರ ಮುಖಗಳು: ಶರಣಪ್ಪ, ಬಿ.ಎ. ಹುಡುಗರು, ಪಾನ್ ಅಂಗಡಿಯವ, ಡಿಜೆಯವ ಕೂಡ.

"ತೆಗಿಸ್ರಿ ಕಾಕಾ, ಇನ್ನಾ ಏನೂ ಆಗಿಲ್ಲ" ಎಂದು ಬಿಲ್ಕೀಸ್ ಅಂಗಲಾಚಿದಳು.

"ದೃಷ್ಟಿ ಆಗ್ತದಂತ ಹಂಗ ಅನಾಕತ್ತೀರಿ, ನಮಗ ತಿಳಿತದ್ರಿ ಮೇಡಂ" ಎಂದ ಶರಣಪ್ಪ. ಪ್ರೀತಿ ಇರುವವರ ಜೊತೆ ಜಗಳವಾಡುವುದು ಹೇಗೆ?

ಸುದ್ದಿ ಆಳಂದ ಮುಟ್ಟಿತು. ಹಕೀಮರು ಆ ಹೊತ್ತಿಗೆ ಬಹಳ ಸೊರಗಿದ್ದರು, ದವಾಖಾನೆಯ ಬಾಗಿಲು ಮುಚ್ಚಿ ಬಹಳ ದಿನವಾಗಿತ್ತು. ಆದರೂ ಒಂದು ಆಟೋ ಮಾಡಿಸಿಕೊಂಡು ಅಫಜಲಪುರಕ್ಕೆ ಬಂದೇಬಿಟ್ಟರು. ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರೀ ಮಾತು, ಅಕ್ಷರ ಬಾರದು. ಸರ್ಕಲ್ಲಿನಲ್ಲಿ ಬಿಸಿಲಲ್ಲಿ ನಿಂತು, ನನ್ನ ಕೈ ಹಿಡಿದುಕೊಂಡು, "ಓದವ್ವ, ಏನ್ ಬರದಾರ ಓದು" ಎಂದರು. ಓದಿದೆ. 'ಯುನಾನ್' ಎಂಬ ಮಾತು ಬಂದಲ್ಲಿ ತಡೆದು, "ಎಲ್ಲದ ಅದು? ಬಟ್ಟಿಟ್ಟು ತೋರಸು" ಎಂದರು. ಬೆರಳಿಟ್ಟು ತೋರಿಸಿದೆ. ಆ ಅಕ್ಷರಗಳನ್ನು ಅವರು ಕೈಯಿಂದ ಮುಟ್ಟಿ ಸವರಿದರು. ನಾನು ಬೇರೆ ಕಡೆ ತಿರುಗಿಕೊಂಡೆ, ನನಗೆ ನೋಡಲಾಗಲಿಲ್ಲ.

ಉತ್ತರ ಬಂದದ್ದು ಕಾಲೇಜು ಮತ್ತೆ ಶುರುವಾಗುವ ಹೊತ್ತಿಗೆ. ಅವಳನ್ನೂ ಆರಿಸಲಿಲ್ಲ, ಆ ಇನ್ನೊಬ್ಬಳನ್ನೂ ಆರಿಸಲಿಲ್ಲ. ಗ್ರೀಕ್ ಓದುವವರು ಕಡಿಮೆಯಾದರೆಂದು ವಿಶ್ವವಿದ್ಯಾಲಯ ಆ ಜಾಗವನ್ನೇ ತೆಗೆದುಹಾಕಿತ್ತು. ಇಲ್ಲಿ ನೋಡಿದರೆ ಮೇಡಂ ಹೇಗೂ ಹೊರಟರಲ್ಲ ಎಂದು ಮೂರೂ ಕಾಲೇಜಿನವರು ಅವಳ ತಾಸುಗಳನ್ನು ಬೇರೆಯವರಿಗೆ ಹಂಚಿ ಮುಗಿಸಿದ್ದರು. ಯಾರನ್ನು ಬೈಯುವುದು? ಶರಣಪ್ಪ ಬಾಯಿ ಬಡಿದುಕೊಂಡು ಅತ್ತ. ಫ್ಲೆಕ್ಸನ್ನು ಅವನೇ ಇಳಿಸಿದ.

ಹಕೀಮರಿಗೆ ಮಾತ್ರ ಅವಳು ಹೇಳಲಿಲ್ಲ. ಹೇಳಬಾರದೆಂದು ನನ್ನಿಂದಲೂ ಆಣೆ ಮಾಡಿಸಿಕೊಂಡಳು. ವೀಸಾ ಬರಬೇಕು ಅಬ್ಬಾ, ಈ ವಾರ ಅಬ್ಬಾ, ಮುಂದಿನ ವಾರ ಅಬ್ಬಾ. ಚಳಿಗಾಲಕ್ಕೆ ಅವರು ಹಾಸಿಗೆ ಹಿಡಿದರು. ನಾನು ನೋಡಲು ಹೋದ ದಿನವೂ ಅವರದು ಅದೊಂದೇ ಪ್ರಶ್ನೆ: "ಯುನಾನ್‌ಕು ಕಬ್ ಜಾರೀ ಬೇಟಾ?" ಯಾವಾಗ ಹೊರಡ್ತಿ ಮಗಳೇ?

"ಇವತ್ತೇ ಹೊಂಟೇನಿ ಅಬ್ಬಾ" ಎಂದಳು ಬಿಲ್ಕೀಸ್. ಅವರಿಗೆ ಎಷ್ಟು ಖುಷಿಯಾಯಿತು! ಸಮುದ್ರದ ಗಾಳಿಗೆ ನೆಗಡಿಯಾಗುತ್ತದೆ, ಕಿವಿಗೆ ಕಟ್ಟಿಕೋ ಎಂದರು. ಆ ರಾತ್ರಿಯೇ ಹೋಗಿಬಿಟ್ಟರು.

ಅದಾದ ಮೇಲೆ ಅವಳು ಅಣ್ಣನ ಬಟ್ಟೆ ಅಂಗಡಿಯಲ್ಲಿ ಕೂರತೊಡಗಿದಳು. ಫೋನು ಮಾಡಿದರೆ ಹೂಂ, ಹಾಂ, ಅಷ್ಟೇ. ಮೊನ್ನೆ ಆಳಂದದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಸಿಕ್ಕಳು. ಅಂಗಡಿಗೆ ಲೈನಿಂಗ್ ಬಟ್ಟೆ ತರಲು ಹೊರಟಿದ್ದಳು. ಕಿಟಕಿ ಪಕ್ಕ ಜಾಗ ಬಿಟ್ಟುಕೊಟ್ಟೆ. ಕೂತಳು. ಮೊದಲು ನಾನು ನೋಡಿದ್ದೇ ಅವಳ ತುಟಿಗಳನ್ನು. ಸುಮ್ಮನಿದ್ದವು.

ಈಗ ಅವಳ ಬದಲು ನಾನೇ ಫೋನಿನಲ್ಲಿ ಜಾಗಗಳನ್ನು ಹುಡುಕುತ್ತಿರುತ್ತೇನೆ. "ಒಂದು ಬಂದದ ನೋಡ್ ಬೇ, ಲ್ಯಾಟಿನ್ ಬ್ಯಾಡಂತ, ಎರಡು ವರ್ಷ" ಎಂದು ಮುಂದೆ ಹಿಡಿದೆ.

ಅವಳು ಫೋನನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. "ಬ್ಯಾಡ ಸುಜಾತಾ. ಸಿಕ್ಕರ ಯಾರ ಮುಂದ ಓಡಿಹೋಗಿ ಹೇಳ್ಲಿ?"

ಅಷ್ಟೊತ್ತಿಗೆ ಹಿಂದಿನ ಸೀಟಿನಲ್ಲಿ ಒಂದು ಕೂಸು ಕಿರುಚತೊಡಗಿತು. ಅದರ ಅಜ್ಜಿ ಬಿಲ್ಕೀಸಳ ಓಡ್ನಿ ನೋಡಿ ಎದ್ದು ಬಂದಳು. ಕೂಸನ್ನು ಮುಂದೆ ಚಾಚಿ, "ಒಂದೀಟು ಓದಿ ಊದ್ ತಾಯಿ" ಎಂದಳು.

"ನನಗೇನೂ ಓದಾಕ ಬರಂಗಿಲ್ರಿ ಅಮ್ಮ" ಎಂದಳು ಬಿಲ್ಕೀಸ್.

ಕೂಸನ್ನು ನಾನೇ ತೊಡೆಯ ಮೇಲೆ ಕೂರಿಸಿಕೊಂಡೆ, ನೆತ್ತಿಯ ಮೇಲೆ ಕೈಯಿಟ್ಟೆ, ಅವಳಿಗೆ ಕೇಳುವಂತೆ ದನಿ ತೆಗೆದು ಶುರುಮಾಡಿದೆ. ಲೂಓ, ಲೂಏಯ್ಸ್... ಬೇಕೆಂದೇ ಒಂದನ್ನು ಬಿಟ್ಟು ಮುಂದಕ್ಕೆ ಹೋದೆ. ಹೋಗಿ, ಪಕ್ಕೆ ಬಿಗಿಹಿಡಿದುಕೊಂಡು ಕಾದೆ.

ಬಿಲ್ಕೀಸಳ ಎರಡೂ ಕೈ ಮಡಿಲಿನ ಚೀಲದ ಮೇಲಿದ್ದವು. ಅವಳು ಕಿಟಕಿಯಿಂದ ಹೊರಗೆ ತೊಗರಿ ಹೊಲಗಳನ್ನು ನೋಡುತ್ತಿದ್ದಳು.

"ಊದ್ ತಾಯಿ" ಎಂದಳು ಅಜ್ಜಿ. ಊದಿದೆ. ಕೂಸು ಅಳುತ್ತಲೇ ಇತ್ತು.