ಮೈಕಜ್ಜಿ ನೀರುನಾಯಿ ನೋಡಲು ಹೋದದ್ದು

ಯಂತ್ರಮಗ್ಗಗಳ ಗದ್ದಲದಲ್ಲಿ ಆಯುಷ್ಯವೆಲ್ಲ ನಿಂತವಳ ಕಿವಿ ಏನಾಗಬೇಕೋ ಅದೇ ಆಗಿತ್ತು. ತನಗೆ ಕೇಳಿಸದ್ದು ಊರಿಗೂ ಕೇಳಿಸದೆಂದು ಆಕೆಯ ಲೆಕ್ಕ. ಮನೆಯೊಳಗೆ ಉಪ್ಪು ಕೇಳಿದರೆ ಪಕ್ಕದ ಮನೆಯವರು ಡಬ್ಬಿಗೆ ಕೈಹಾಕುತ್ತಿದ್ದರು. ಓಣಿಯವರು ಮೈಕಜ್ಜಿ ಎಂದು ಹೆಸರಿಟ್ಟರು. ಆ ಹೆಸರಿಗೆ ಅಜ್ಜಿಯೇನೂ ಬೇಜಾರು ಮಾಡಿಕೊಂಡವಳಲ್ಲ.

ಬೇಜಾರಾದದ್ದು ಆ ಭಾನುವಾರ ಬೆಳಿಗ್ಗೆ. ಮಗ, ಮೊಮ್ಮಗಳು ಹೊಳೆದಂಡೆಯ ವನ್ಯಜೀವಿ ಕೇಂದ್ರಕ್ಕೆ ಹೊರಟಿದ್ದರು. ಮೊಮ್ಮಗಳಿಗೆ ನೀರುನಾಯಿಯ ಹುಚ್ಚು. ಹೋದ ಸಲ ಅಜ್ಜಿ "ಎಲ್ಲೇ ಅದು?" ಎಂದ ಒಂದೇ ಮಾತಿಗೆ ಹಕ್ಕಿ, ಪ್ರಾಣಿಯೆಲ್ಲ ಓಡಿ ದಂಡೆಗೆ ದಂಡೆಯೇ ಖಾಲಿಯಾಗಿ, ಹುಡುಗಿ ತಲೆ ತಗ್ಗಿಸಿಕೊಂಡು ಮನೆಗೆ ಬಂದಿದ್ದಳು.

"ಅಪ್ಪ, ಈ ಸಲ ಅಜ್ಜಿ ಬೇಡ," ಎಂದು ಪಿಸುಗುಟ್ಟಿದಳು.

ಪಿಸುಗುಟ್ಟಿದರೇನು? ಮಗ್ಗದ ಶೆಡ್ಡಿನವರು ಕಿವಿಯನ್ನು ನೆಚ್ಚುವುದಿಲ್ಲ, ತುಟಿ ಓದುತ್ತಾರೆ.

"ಬರ್ತೀನಿ ಕಣೇ! ಒಂದು ಸದ್ದು ಮಾಡಿದ್ರೆ, ಇನ್ನು ನಿನ್ ಜೊತೆ ಎಲ್ಲಿಗೂ ಬರಲ್ಲ!"

ಓಣಿಗೆಲ್ಲ ಕೇಳಿಸಿತು. ಹಿಂದೆಗೆಯುವಂತಿರಲಿಲ್ಲ.

ಕೇಂದ್ರದಲ್ಲಿ ಹೊಳೆಗೆ ಮುಖಮಾಡಿದ ಹಲಗೆಯ ಕೋಣೆ. ಗೋಡೆಯುದ್ದಕ್ಕೂ ಕಿಂಡಿ, ಕಿಂಡಿಯೆದುರು ಬೆಂಚು. ಬಾಗಿಲಲ್ಲಿ ಕಾವಲುಗಾರ ತುಟಿಗೆ ಬೆರಳಿಟ್ಟು ಜನರನ್ನು ಒಳಗೆ ಬಿಡುತ್ತಿದ್ದ. ಅಜ್ಜಿ ಬಂದಾಗ ಆ ಬೆರಳು ತುಸು ಹೆಚ್ಚೇ ಹೊತ್ತು ಅಲ್ಲಿತ್ತು. ಹೋದ ಸಲವೂ ಇವನೇ ಇದ್ದ.

ಅಜ್ಜಿ ಬಾಯಿ ಬಿಗಿದು ಕೂತಳು. ನಡುವೆ ಕಿಂಡಿಗೆ ಕಣ್ಣಿಟ್ಟ ಮೊಮ್ಮಗಳು, ಬೆಂಚಿನ ಆ ತುದಿಗೆ ಮಗ. ಅವನೂ ಅದೇ ಶೆಡ್ಡಿನ ಆಳು. ಹೊತ್ತು ಹೋಗಲಿಲ್ಲ, ತಾಯಿಮಗ ಶೆಡ್ಡಿನ ಮಾತಿಗೆ ಇಳಿದರು: ಸದ್ದಿಲ್ಲದೆ, ಬರೀ ತುಟಿಯಗಲಿಸಿ, ಬೆರಳಾಡಿಸಿ. ಚೀಲದಲ್ಲಿದ್ದ ಬಾಳೆಹಣ್ಣು ಎಲ್ಲಿ ಹೋಯಿತೋ? ಬಸ್ಸಿನಲ್ಲಿ ನೀನೇ ತಿಂದೆಯಲ್ಲಮ್ಮ. ಸುಳ್ಳ, ಥೇಟ್ ನಿನ್ನಪ್ಪನೇ! ಸತ್ತವರನ್ನೂ ಎಳೆದುತಂದು ಜಗಳ ಮುಗಿಯಿತು, ಒಂದು ಕೊಕ್ಕರೆಯೂ ಕತ್ತು ತಿರುಗಿಸಲಿಲ್ಲ. ಬಂದವರಲ್ಲಿ ಅರ್ಧ ಜನ ಹೊಳೆ ಬಿಟ್ಟು ಇವರನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಕಿಂಡಿಯ ಕೆಳಗೇ ನೀರುನಾಯಿ ತಲೆಯೆತ್ತಿತು. ಬಾಯಲ್ಲಿ ಮೀನು, ಮೀಸೆಯಲ್ಲಿ ನೀರಹನಿ.

"ಅಪ್ಪಾ! ಬಂತು! ಬಂತು!"

ಗಂಟಲು ಅಜ್ಜಿಯದೇ, ಕೂಗಿದವಳು ಮೊಮ್ಮಗಳು. ನೀರುನಾಯಿ ಬುಳುಕ್ಕನೆ ಮುಳುಗಿತು. ಕೊಕ್ಕರೆಗಳೆಲ್ಲ ಎದ್ದವು.

ಕಾವಲುಗಾರ ನುಗ್ಗಿ ಬಂದ. "ಯಾರ್ರೀ ಕೂಗಿದ್ದು?" ಎಂದು ಕೇಳಿದ್ದು ಅಜ್ಜಿಯನ್ನೇ ನೋಡಿ.

ಹುಡುಗಿಯ ಮುಖ ಬಿಳಿಚಿತ್ತು. ಅಜ್ಜಿ ಚೀಲ ಎತ್ತಿಕೊಂಡಳು. "ನಾನೇ ಕಣಪ್ಪ. ನನ್ ಬಾಯಿ ನಿಂಗೊತ್ತಲ್ಲ."

"ಹೊರಗೆ ನಡೀರಿ."

ಅಜ್ಜಿ ಬಾಗಿಲು ದಾಟುವಷ್ಟರಲ್ಲಿ ಹುಡುಗಿ ಎದ್ದಳು. "ಅಂಕಲ್, ಅಜ್ಜಿ ತುಟಿಪಿಟಕ್ ಅಂದಿಲ್ಲ. ನಾನು ಕೂಗಿದ್ದು."

"ಸುಮ್ನೆ ಕೂತ್ಕೊಳೇ!" ಎಂದಳು ಅಜ್ಜಿ. ಉಳಿದಿದ್ದ ಒಂದೆರಡು ಬಾತುಕೋಳಿಗಳೂ ಹಾರಿದವು.

ಕಾವಲುಗಾರ ಇಬ್ಬರನ್ನೂ ಹೊರಗೆ ಹಾಕಿದ. ಮೆಟ್ಟಿಲ ಮೇಲೆ ಕೂತರು. ಎಷ್ಟೋ ಹೊತ್ತಿನ ಮೇಲೆ ಬಾಗಿಲ ಗಾಜಿನಲ್ಲಿ ಮಗನ ಮುಖ ಕಂಡಿತು. ತುಟಿ ಆಡುತ್ತಿತ್ತು.

"ಅಪ್ಪ ಏನಂತಿದ್ದಾನಜ್ಜಿ?"

ಅಜ್ಜಿ ತನ್ನಿಂದಾದಷ್ಟು ಮೆಲ್ಲಗೆ ಹೇಳಿದಳು. "ಮತ್ತೆ ಬಂದಿದೆಯಂತೆ. ಜೊತೆಗೊಂದು ಮರಿಯಂತೆ."

ಹುಡುಗಿ ಅಜ್ಜಿಗೆ ಒತ್ತಿ ಕೂತು, ಕಣ್ಣು ಕಿರಿದು ಮಾಡಿ, ಅಪ್ಪನ ತುಟಿಯನ್ನೇ ನೋಡತೊಡಗಿದಳು.